ಹೆಸರು ಕೊಟ್ಟರೆ ಸಾಕು, ಕೆಲಸ ಏನೂ ಇರಲ್ಲ!

"ಸುಮ್ನೆ ಹೆಸರು ಕೊಡಿ ಸಾಕು. ಕೆಲಸ ಏನೂ ಇರಲ್ಲ. ಎರಡು ತಿಂಗಳಿಗೊಂದು ಮೀಟಿಂಗ್, ಅಷ್ಟೇ."

ನಾನು ಚರ್ಚ್ ಕಮಿಟಿಗೆ ಸೇರಿದ್ದು ಈ ಮಾತು ನಂಬಿ. ಆರಾಧನೆ ಮುಗಿದು ವಾರ್ಷಿಕ ಮೀಟಿಂಗ್ ನಡೆಯುತ್ತಿತ್ತು. ಅರ್ಧ ಜನ ಬಾಗಿಲ ಕಡೆ ನೋಡುತ್ತಿದ್ದರು. ಖಾಲಿ ಇದ್ದದ್ದು ನಾಲ್ಕು ಜಾಗ, ಬಂದದ್ದು ಮೂರು ಹೆಸರು. ಕಾರ್ಯದರ್ಶಿ ಪೆನ್ನು ಹಿಡಿದುಕೊಂಡು ಸಾಲು ಸಾಲಾಗಿ ಕಣ್ಣು ಹಾಯಿಸಿದರು. ಎಲ್ಲರಿಗೂ ತಟ್ಟನೆ ಹಾಡಿನ ಪುಸ್ತಕದ ಮೇಲೆ ಪ್ರೀತಿ ಬಂತು. ನಾನೊಬ್ಬ ತಲೆ ಎತ್ತಿಬಿಟ್ಟೆ. ಯಾರೋ ಸೂಚಿಸಿದರು, ಇನ್ಯಾರೋ ಅನುಮೋದಿಸಿದರು, ಚಪ್ಪಾಳೆಯೂ ಆಯಿತು. ಮಿನಿಟ್ಸ್‌ನಲ್ಲಿ "ಅವಿರೋಧ ಆಯ್ಕೆ" ಅಂತ ಬರೆದುಕೊಂಡರು.

ಮೊದಲ ಮೀಟಿಂಗ್‌ನಲ್ಲೇ ಲೆಕ್ಕಪತ್ರ ಕೈಗೆ ಬಂತು. ಅದರಲ್ಲೊಂದು ಕಾಲಂ, ಮೇಲೆ "ಚಾವಣಿಗೆ ಮಾತ್ರ" ಅಂತ ಬರೆದಿತ್ತು. ಪಕ್ಕದ ಕಾಲಂನಲ್ಲಿ ದಿನದ ಖರ್ಚಿಗೆ ದುಡ್ಡು ಸಾಲದು. "ಅಲ್ಲಿಂದ ಸ್ವಲ್ಪ ತೆಗೆದು ಇಲ್ಲಿಗೆ ಹಾಕೋಣ, ಆಮೇಲೆ ತುಂಬಿಸಿದರಾಯ್ತು" ಅಂದರು ಒಬ್ಬರು. ಒಪ್ಪಿಗೆ ಇರುವವರು ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು, ನಾನೂ ಎತ್ತಿದೆ. ಚಾವಣಿಗೆಂದು ಜನ ಕೊಟ್ಟ ಹಣವನ್ನು ಹಾಗೆಲ್ಲ ತೆಗೆಯುವಂತಿಲ್ಲ, ತೆಗೆದರೆ ಜವಾಬ್ದಾರಿ ಕೈ ಎತ್ತಿದವರದ್ದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಕೆಲಸ ಏನೂ ಇರಲ್ಲ ಅಂದಿದ್ದರಲ್ಲ!

ಹಾಗಾಗಿ ಇವತ್ತು ಒಂದೇ ವಿಷಯ. ಆಂಗ್ಲಿಕನ್ ಚರ್ಚಿನ ಆಡಳಿತ ಮಂಡಳಿಗೆ ನಾವು ಜನರನ್ನು ಆರಿಸುತ್ತಿದ್ದೇವಾ, ಇಲ್ಲ ಬರೀ ಕುರ್ಚಿ ತುಂಬಿಸುತ್ತಿದ್ದೇವಾ?

ಆಂಗ್ಲಿಕನ್ ಪದ್ಧತಿ, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಪದ್ಧತಿ, ಗೊತ್ತಿಲ್ಲದವರಿಗೆ ಒಂದು ಮಾತು. ಬಿಷಪ್ ಇರುತ್ತಾರೆ, ಸಭಾಪಾಲಕರು (ಆಯಾ ಚರ್ಚಿನ ಪಾದ್ರಿ) ಇರುತ್ತಾರೆ. ಹಾಗಂತ ಎಲ್ಲವನ್ನೂ ಅವರೇ ತೀರ್ಮಾನಿಸುವುದಿಲ್ಲ. ಪಾದ್ರಿಯಾಗಿ ದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿಗಳೂ ಆಡಳಿತದಲ್ಲಿ ಕೂರುತ್ತಾರೆ. ಅಮೆರಿಕದ ಎಪಿಸ್ಕೋಪಲ್ ಚರ್ಚ್‌ನಲ್ಲಿ ಈ ಮಂಡಳಿಗೆ ವೆಸ್ಟ್ರಿ ಅನ್ನುತ್ತಾರೆ. ವೆಸ್ಟ್ರಿ ಅಂದರೆ ಪಾದ್ರಿಗಳ ನಿಲುವಂಗಿ ಇಡುವ ಕೋಣೆ. ಹಿಂದೆ ಮೀಟಿಂಗ್ ಅಲ್ಲೇ ನಡೆಯುತ್ತಿತ್ತು, ಹಾಗಾಗಿ ಕೋಣೆಯ ಹೆಸರು ಜನರಿಗೆ ಬಂತು. ಇಂಗ್ಲೆಂಡಿನಲ್ಲಿ ಇದು ಪಿಸಿಸಿ, ಅಂದರೆ ಪ್ಯಾರೋಕಿಯಲ್ ಚರ್ಚ್ ಕೌನ್ಸಿಲ್. 1921ರ ಕಾನೂನಿನಿಂದ ಅದಕ್ಕೆ ಅಧಿಕಾರ ಬಂತು. ಅಧ್ಯಕ್ಷರು ಸಭಾಪಾಲಕರು, ಉಪಾಧ್ಯಕ್ಷರು ಸಾಮಾನ್ಯ ವಿಶ್ವಾಸಿ. ಅದರಲ್ಲಿ ಕೂತವರೆಲ್ಲ ಕಾನೂನಿನ ಕಣ್ಣಲ್ಲಿ ಟ್ರಸ್ಟಿಗಳು.

ಅರ್ಹತೆ ಅಂತ ಇಂಗ್ಲೆಂಡಿನ ನಿಯಮ ಕೇಳುವುದು ತುಂಬ ಕಡಿಮೆ. 16 ವರ್ಷ ಆಗಿರಬೇಕು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿರಬೇಕು. ಆರು ತಿಂಗಳಿಂದ ಚರ್ಚಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹಿಂದಿನ 12 ತಿಂಗಳಲ್ಲಿ ಕನಿಷ್ಠ ಮೂರು ಸಲ ಪ್ರಭುಭೋಜನ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಂಡಿರಬೇಕು. ಚರ್ಚ್‌ವಾರ್ಡನ್ (ಸಾಮಾನ್ಯ ವಿಶ್ವಾಸಿಗಳ ಪರ ಚರ್ಚ್ ನೋಡಿಕೊಳ್ಳುವ ಮುಖ್ಯಸ್ಥ) ಆಗುವುದಾದರೆ ವಯಸ್ಸು 21. ಡಿಗ್ರಿ ಕೇಳಿಲ್ಲ, ಕಾಣಿಕೆ ಎಷ್ಟು ಹಾಕುತ್ತೀರಿ ಅಂತಲೂ ಕೇಳಿಲ್ಲ.

ಆದರೆ ನಾವು ಕೇಳುತ್ತೇವೆ, ಅಲ್ವಾ? ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೇ. "ಅವರು ಆಡಿಟರ್, ಉಪಯೋಗಕ್ಕೆ ಬರ್ತಾರೆ." "ಇವರು ವಕೀಲರು, ಆಸ್ತಿ ವಿಷಯಕ್ಕೆ ಬೇಕು." "ಅವರು ಇಂಜಿನಿಯರ್, ಚಾವಣಿ ಸೋರ್ತಾ ಇದೆ." ಮೂರು ಜನರನ್ನು ಆರಿಸಿದೆವು ಅಂದುಕೊಳ್ಳುತ್ತೇವೆ, ನಿಜಕ್ಕೂ ಮೂರು ಸರ್ವಿಸ್ ಬಿಟ್ಟಿಯಾಗಿ ತಂದಿರುತ್ತೇವೆ. ಕೌಶಲ್ಯ ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ಹೊರಗಿಂದ ತರಬಹುದು. ಇಂಜಿನಿಯರ್ ಬಂದು ಚಾವಣಿ ನೋಡಿ ಹೋಗಲಿ. ಅದಕ್ಕೆ ಮೂರು ವರ್ಷ ಕಮಿಟಿಯಲ್ಲಿ ಯಾಕೆ ಕೂರಬೇಕು? ಅಷ್ಟಕ್ಕೂ ಇಂಗ್ಲೆಂಡಿನ ನಿಯಮದ ಪ್ರಕಾರ ಕೌನ್ಸಿಲ್‌ನ ಖಜಾಂಚಿ ಕೂಡ ಚುನಾಯಿತ ಸದಸ್ಯರೇ ಆಗಬೇಕು ಅಂತೇನಿಲ್ಲ. ಸದಸ್ಯರಲ್ಲಿ ಯಾರೂ ಸಿಗದಿದ್ದರೆ ಹೊರಗಿನವರಿಗೆ ಆ ಕೆಲಸ ಕೊಡಬಹುದು.

ಹೊರಗಿಂದ ತರಲು ಆಗದ್ದು ಬೇರೆ ಇದೆ. ಸಭಾಪಾಲಕರ ಮುಖ ನೋಡಿ "ಇದು ಬೇಡ" ಅಂತ ಹೇಳಿ, ಮುಂದಿನ ಭಾನುವಾರ ಅದೇ ಕೈಯಿಂದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವ ಗುಣ. ನಮ್ಮಲ್ಲಿ ಒಂದೋ ಎಲ್ಲಕ್ಕೂ ಹೂಂ ಅನ್ನುವವರು ಸಿಗುತ್ತಾರೆ, ಇಲ್ಲವೇ ಒಂದು ಸಲ ಉಹೂಂ ಅಂದು ಆರು ತಿಂಗಳು ಮಾತು ಬಿಡುವವರು. ಜಗಳವನ್ನು ಮೀಟಿಂಗ್ ಕೋಣೆಯಲ್ಲೇ ಬಿಟ್ಟು ಬರುವವರನ್ನು ಹುಡುಕಿ ನೋಡಿ, ಆಗ ಕಷ್ಟ ಗೊತ್ತಾಗುತ್ತದೆ.

ಇನ್ನೊಂದು ಕಾಯಿಲೆ ಹಳೇದು. ಕಮಿಟಿಯಲ್ಲಿ ಇರುವವರೇ ಮುಂದಿನವರನ್ನು ಹುಡುಕುವುದು. ಯಾರನ್ನು ಹುಡುಕುತ್ತಾರೆ? ತಮ್ಮ ಪಕ್ಕದ ಬೆಂಚಿನವರನ್ನು. ಇಂಗ್ಲೆಂಡಿನಲ್ಲಿ ಹಿಂದೆ "ಸೆಲೆಕ್ಟ್ ವೆಸ್ಟ್ರಿ" ಅಂತ ಇತ್ತು. ಅದರಲ್ಲಿ ಒಬ್ಬರು ಸತ್ತರೆ ಉಳಿದವರೇ ಸೇರಿ ಹೊಸಬರನ್ನು ತುಂಬಿಕೊಳ್ಳುತ್ತಿದ್ದರು. ಆಗ ಬಡವರ ಪರಿಹಾರದ ದುಡ್ಡೂ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಕೈಯಲ್ಲೇ ಇತ್ತು, ಯೋಚಿಸಿ. ಅಮೆರಿಕದಲ್ಲಿ ಆಗ ಇಂಗ್ಲೆಂಡಿನ ವಸಾಹತಾಗಿದ್ದ ವರ್ಜೀನಿಯಾದಲ್ಲೂ ಇದೇ ಕಥೆ. 1662ರ ಕಾನೂನು ಒಂದೊಂದು ಪ್ಯಾರಿಷ್‌ಗೆ 12 ಜನರ ವೆಸ್ಟ್ರಿ ಅಂತ ಮಾಡಿತು, ಖಾಲಿ ಜಾಗ ತುಂಬುವವರು ಆ ವೆಸ್ಟ್ರಿಯವರೇ. 1676ರಲ್ಲಿ ಅಲ್ಲಿನ ಗವರ್ನರ್ ವಿರುದ್ಧ ಎದ್ದ ಬೇಕನ್ ದಂಗೆಯ ಹೊತ್ತಿಗೆ ಸೇರಿದ ಅಸೆಂಬ್ಲಿ, ಮೂರು ವರ್ಷಕ್ಕೊಮ್ಮೆ ಜನರೇ ವೆಸ್ಟ್ರಿಯನ್ನು ಆರಿಸಲಿ ಅಂತ ಕಾನೂನು ಮಾಡಿತು. ದಂಗೆ ಅಡಗಿತು, ಕಾನೂನೂ ಹೋಯಿತು. ಜಾರ್ಜ್ ವಾಷಿಂಗ್ಟನ್ 1762ರಲ್ಲಿ ಟ್ರೂರೋ ಪ್ಯಾರಿಷ್‌ನ ವೆಸ್ಟ್ರಿಗೆ ಸೇರಿದ. ದೊಡ್ಡ ಜಮೀನುದಾರರ ಕೂಟ ಅದು.

ಇವತ್ತು ಕಾನೂನು ಬದಲಾಗಿದೆ, ಅಭ್ಯಾಸ ಹೋಗಿಲ್ಲ. ಇಂಗ್ಲೆಂಡಿನಲ್ಲಿ ಚರ್ಚ್‌ವಾರ್ಡನ್ ಸತತ ಆರು ಅವಧಿಗಿಂತ ಜಾಸ್ತಿ ಇರಬಾರದು, ಆಮೇಲೆ ಎರಡು ವರ್ಷ ಬಿಡಬೇಕು ಅಂತ 2001ರ ನಿಯಮ ಹೇಳುತ್ತದೆ. ಒಳ್ಳೇದೇ. ಆದರೆ ಈ ಮಿತಿ ನಮಗೆ ಬೇಡ ಅಂತ ಅದೇ ಊರಿನ ಮೀಟಿಂಗ್ ಠರಾವು ಮಾಡಬಹುದು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ!

ಈಗ ಬೈಬಲ್ ತೆಗೆಯೋಣ, ಚರ್ಚ್ ವಿಷಯ ತಾನೇ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ. ಮೊದಲ ಕಾಲದ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗುತ್ತಾರೆ: ದಿನದ ಊಟದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಡುತ್ತಿದ್ದೀರಿ ಅಂತ. ಆಗ ಅಪೊಸ್ತಲರು (ಯೇಸುವಿನ ಆಪ್ತ ಶಿಷ್ಯರು) ನೀವೇ ಏಳು ಜನರನ್ನು ಆರಿಸಿಕೊಳ್ಳಿ ಅನ್ನುತ್ತಾರೆ. ಆರಿಸಿದವರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ನಿಕೋಲಾಯ... ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚಿಕೆ ಕೊಟ್ಟ ಹಾಗೆ ಕಾಣುತ್ತದೆ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಗೊಣಗುವವರನ್ನು ಕಮಿಟಿಯಿಂದ ಹತ್ತು ಮೈಲಿ ದೂರ ಇಡುತ್ತಿದ್ದೆವು.

ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇನ್ನೊಂದು ದಾರಿ ಇದೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಜಾಗ ಖಾಲಿ. ಯೋಗ್ಯರು ಇಬ್ಬರು. ಪ್ರಾರ್ಥನೆ ಮಾಡಿ ಚೀಟು ಹಾಕುತ್ತಾರೆ, ಮತ್ತೀಯನಿಗೆ ಬರುತ್ತದೆ. ಚೀಟಿ ಎತ್ತುವುದು ನನಗೆ ಇಷ್ಟ, ಯಾಕೆಂದರೆ ಅದರಲ್ಲಿ ಸೋಲು ಇಲ್ಲ. ಹತ್ತು ಮತದಲ್ಲಿ ಸೋತವರು ಮುಂದಿನ ವಾರ ಚರ್ಚಿಗೆ ಬರಲು ಮುಜುಗರ ಪಡುತ್ತಾರೆ, ಚೀಟಿ ಬರದವರಿಗೆ ಆ ಕಷ್ಟ ಇಲ್ಲ. ಆದರೆ ಗಮನಿಸಿ, ಅಲ್ಲಿ ಚೀಟಿ ಹಾಕುವ ಮೊದಲೇ ಶೋಧಿಸಿದ್ದರು. ಯೋಹಾನ ದೀಕ್ಷಾಸ್ನಾನ ಮಾಡಿಸುತ್ತಿದ್ದ ಕಾಲದಿಂದ ಯೇಸುವಿನ ಜೊತೆಗಿದ್ದವರೇ ಆಗಬೇಕು ಅಂತ ಅಪೊಸ್ತಲ ಪೇತ್ರ ಹೇಳಿದ್ದ. ಸಿಕ್ಕಸಿಕ್ಕ ಹೆಸರನ್ನೆಲ್ಲ ಡಬ್ಬಿಗೆ ಹಾಕಿ ಕಲಕಿದರೆ ಅದು ಲಾಟರಿ. ಮತ್ತೆ, ಚುನಾವಣೆಯೇ ಆಗಬೇಕು ಅಂತ ನಿಯಮ ಇರುವ ಕಡೆ ಇದನ್ನು ಹೆಸರು ಹುಡುಕುವ ಹಂತದಲ್ಲಿ ಮಾತ್ರ ಬಳಸಬಹುದು.

ನನ್ನ ಕಡೆಯಿಂದ ಎರಡೇ ಬೇಡಿಕೆ. ಒಂದು, ಕೆಲಸ ಇರಲ್ಲ ಅಂತ ಸುಳ್ಳು ಹೇಳಬೇಡಿ. ನಾಮಪತ್ರದ ಜೊತೆ ಹೋದ ವರ್ಷದ ಲೆಕ್ಕ, ಕೊನೆಯ ಮೂರು ಮಿನಿಟ್ಸ್, ಟ್ರಸ್ಟಿಯ ಜವಾಬ್ದಾರಿ ಏನು ಅಂತ ಒಂದು ಪುಟ, ಇಷ್ಟು ಕೊಡಿ. ತಿಂಗಳು ಮೊದಲೇ ಕೊಡಿ, ಬಾಗಿಲ ಹತ್ತಿರ ತಡೆದು ನಿಲ್ಲಿಸಿ ಕೊಡಬೇಡಿ. ಎರಡು, ಸರಿಯಾದವರು ಸಿಗದಿದ್ದರೆ ಕುರ್ಚಿ ಖಾಲಿ ಇರಲಿ. ಕೋರಂಗೆ ತೊಂದರೆ ಆಗದಿದ್ದರೆ ಆಕಾಶ ಏನೂ ಬೀಳುವುದಿಲ್ಲ. ಒಲ್ಲದ ಮನಸ್ಸಿನವರು ಮೂರು ವರ್ಷ ಕೂತರೆ ಆಗುವ ನಷ್ಟ ಜಾಸ್ತಿ. ನನ್ನನ್ನೇ ನೋಡಿ, ಚಾವಣಿ ದುಡ್ಡಿಗೆ ಕೈ ಎತ್ತಿದವನು!

ನಮ್ಮ ಸಭೆಯಲ್ಲಿ ಒಬ್ಬರು ಆಂಟಿ ಇದ್ದಾರೆ. ಆರಾಧನೆ ಆದ ಮೇಲೆ ಪ್ರಭುಭೋಜನದ ಬಟ್ಟಲು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಕಪಾಟಿನಲ್ಲಿ ಇಡುತ್ತಾರೆ. ಯಾರು ಮೂರು ವಾರದಿಂದ ಬಂದಿಲ್ಲ ಅಂತ ರಿಜಿಸ್ಟರ್ ನೋಡದೆ ಹೇಳುತ್ತಾರೆ. ಕಮಿಟಿಗೆ ಅವರ ಹೆಸರು ಯಾರಿಗೂ ಹೊಳೆದಿರಲಿಲ್ಲ. ಹೋದ ವರ್ಷ ನಾನೇ ಹೋಗಿ ಕೇಳಿದೆ. "ಆಂಟಿ, ಕೆಲಸ ತುಂಬಾ ಇದೆ, ಬೈಗುಳವೂ ಇದೆ, ಬರ್ತೀರಾ?" ಅಂದೆ. ಅವರು ಲೆಕ್ಕಪತ್ರ ಇಸಕೊಂಡು ಹೋದರು. ಎರಡು ವಾರ ಬಿಟ್ಟು ವಾಪಸ್ ತಂದುಕೊಟ್ಟು, "ಈ ಸಲ ಬೇಡ ಕಣಪ್ಪ" ಅಂದರು. ಸರಿ, ಆ ಜಾಗ ಖಾಲಿ ಬಿಟ್ಟೆವು.

ಹೊರಡುವ ಮೊದಲು ನಾಲ್ಕನೇ ಪುಟ ತೆಗೆದು ಬೆರಳಿಟ್ಟು ಕೇಳಿದರು: "ಚಾವಣಿಗೆ ಅಂತ ನಾನೂ ಕೊಟ್ಟಿದ್ದೆ. ಅದು ಎಲ್ಲಿ ಹೋಯ್ತು?"

ಈ ವರ್ಷದ ನಾಮಪತ್ರ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಭಾನುವಾರ ಮತ್ತೆ ಅವರನ್ನೇ ಕೇಳುತ್ತೇನೆ.