ತಪ್ಪು ಜಾಗದಲ್ಲಿ ಮುರಿದ ಪದಗಳು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ತಂಗಿಯ ಮಗಳನ್ನು ಬೇಕರಿಗೆ ಕರೆದುಕೊಂಡು ಹೋಗಿದ್ದೆ. ಆರನೇ ಕ್ಲಾಸಿನ ಹುಡುಗಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾಳೆ. ಗೋಡೆಯ ಪಟ್ಟಿಯಲ್ಲಿ ವೆಜ್ ಬರ್ಗರ್, ಆಲೂ ಬರ್ಗರ್, ಪನೀರ್ ಬರ್ಗರ್ ಅಂತ ಸಾಲಾಗಿ ಬರೆದಿತ್ತು. ಅದನ್ನು ಓದಿ, "ದೊಡ್ಡಮ್ಮ, ಹ್ಯಾಮ್ ಅಂದ್ರೆ ಹಂದಿ ಮಾಂಸ ಅಲ್ವಾ? ಹಾಗಾದ್ರೆ ಹ್ಯಾಂಬರ್ಗರ್ ಅಂದ್ರೆ ಹಂದಿ ಮಾಂಸದ ಬರ್ಗರಾ?" ಅಂತ ಕೇಳಿದಳು.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಆದರೆ ಆ ಪದದಲ್ಲಿ ಹ್ಯಾಮ್ ಇಲ್ಲವೇ ಇಲ್ಲ. ಆ ತಿಂಡಿಯಲ್ಲೂ ಇಲ್ಲ, ಅಮೆರಿಕದಲ್ಲಿ ಅದನ್ನು ಮಾಡುವುದು ದನದ ಮಾಂಸದಿಂದ. ಜರ್ಮನಿಯಲ್ಲಿ ಹ್ಯಾಂಬರ್ಗ್ ಅನ್ನುವ ಊರಿದೆ, ದೊಡ್ಡ ಬಂದರು. ಅದರ ಕೊನೆಗೆ 'ಅರ್' ಅನ್ನುವ ಪ್ರತ್ಯಯ ಸೇರಿಸಿದರೆ 'ಹ್ಯಾಂಬರ್ಗಿನದು' ಅಂತ ಅರ್ಥ. ಲಂಡನ್ನಿನವರು ಲಂಡನರ್ ಆದ ಹಾಗೆ. ಹ್ಯಾಂಬರ್ಗರಿನಲ್ಲಿ ಹ್ಯಾಮ್ ಹುಡುಕುವುದೂ ಮದ್ದೂರು ವಡೆಯಲ್ಲಿ ಮದ್ದು ಹುಡುಕುವುದೂ ಒಂದೇ.

ಆದರೆ ಇಂಗ್ಲಿಷ್ ಮಾತಾಡುವ ಜನರೇ ಹಾಗೆ ಹುಡುಕಿದರು. ಹ್ಯಾಂಬರ್ಗ್ ಮುಗಿದ ಮೇಲೆ ಮುರಿಯಬೇಕಿದ್ದ ಪದವನ್ನು ಹ್ಯಾಮ್ ಆದ ತಕ್ಷಣ ಮುರಿದರು. ಕೈಗೆ ಬಂದದ್ದು 'ಬರ್ಗರ್'. 1930ರ ದಶಕದಲ್ಲಿ ಅದರ ಹಿಂದೆ ಚೀಸ್ ಸೇರಿಸಿ ಚೀಸ್‌ಬರ್ಗರ್ ಮಾಡಿದರು, ಆಮೇಲೆ ಯಾವುದು ಬೇಕಾದರೂ ಬರ್ಗರ್ ಆಯಿತು, ಹೀಗೆ ಬಂದು ಬಂದು ನಮ್ಮ ಬೀದಿಯ ಬೇಕರಿಯಲ್ಲಿ ಆಲೂಗಡ್ಡೆಯೂ ಅದರೊಳಗೆ ಕೂತಿತು. ಜರ್ಮನ್ ಭಾಷೆಯಲ್ಲಿ ಬರ್ಗ್ ಅಂದರೆ ಕೋಟೆ, ನಮ್ಮ ಚಿತ್ರದುರ್ಗದ 'ದುರ್ಗ' ಇದೆಯಲ್ಲ, ಅದೇ. ಹಾಗಾಗಿ ಬರ್ಗರ್ ಅನ್ನುವುದನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದರೆ 'ದುರ್ಗದೋನು' ಅಂತಾಗುತ್ತದೆ. ಬನ್ನು, ತಿಂಡಿ ಅನ್ನುವ ಅರ್ಥ ಅದರಲ್ಲಿ ಮೊದಲು ಎಲ್ಲೂ ಇರಲಿಲ್ಲ. ಮುರಿದ ಮೇಲೆ ಹುಟ್ಟಿತು.

ಇದನ್ನೇ ಇವತ್ತು ನಿಮ್ಮ ಹತ್ತಿರ ಹೇಳಬೇಕು ಅಂತ ಬಂದೆ. ಇಂಗ್ಲಿಷಿನಲ್ಲಿ ಪ್ರತ್ಯಯಗಳು ಅರ್ಥ ಬದಲಿಸುತ್ತವೆ ಅಂತ ಶಾಲೆಯಲ್ಲಿ ಕಲಿಸುತ್ತಾರೆ, ಸರಿ. ಪ್ರತ್ಯಯವೇ ಅಲ್ಲದ ಒಂದು ಚೂರು ಜನರ ಕಿವಿಯಲ್ಲಿ ಪ್ರತ್ಯಯ ಆಗಿಬಿಡುವುದು ಇದೆಯಲ್ಲ, ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಹೆಲಿಕಾಪ್ಟರ್ ತೆಗೆದುಕೊಳ್ಳಿ. 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಈ ಪದ ಕಟ್ಟಿದರು. ಸಾಮಾನು ಗ್ರೀಕ್ ಭಾಷೆಯದು. 'ಹೆಲಿಕೊ' ಅಂದರೆ ಸುರುಳಿ, 'ಪ್‌ಟೆರ್' ಅಂದರೆ ರೆಕ್ಕೆ. ಸುರುಳಿರೆಕ್ಕೆ! ಎಷ್ಟು ಚೆಂದದ ಹೆಸರು ಅಲ್ವಾ. ಗ್ರೀಕರ ನಾಲಿಗೆಗೆ 'ಪ್‌ಟ' ಅಂತ ಪದ ಶುರು ಮಾಡುವುದು ಸಲೀಸು, ಇಂಗ್ಲಿಷಿಗೆ ಆಗದು. ಡೈನೋಸಾರ್ ಕಾಲದ ಹಾರುವ ಪ್ರಾಣಿ ಟೆರೊಡ್ಯಾಕ್ಟಿಲ್‌ನಲ್ಲೂ ಇದೇ ರೆಕ್ಕೆ ಇದೆ, ಅಲ್ಲಿ ಮೊದಲ 'ಪಿ' ಅಕ್ಷರವನ್ನು ಬರೆದೂ ಓದದೆ ಬಿಡುತ್ತಾರೆ. ಹೀಗಾಗಿ ಇಂಗ್ಲಿಷ್ ಕಿವಿ ತನಗೆ ಅನುಕೂಲವಾದ ಕಡೆ ಮುರಿಯಿತು: ಹೆಲಿ, ಕಾಪ್ಟರ್. ಈಗ ಮದುವೆ ವಿಡಿಯೋ ತೆಗೆಯುವ ನಾಲ್ಕು ಫ್ಯಾನಿನ ಡ್ರೋನಿಗೆ ಕ್ವಾಡ್‌ಕಾಪ್ಟರ್ ಅನ್ನುತ್ತಾರೆ. ಎಲೆಕ್ಷನ್ ಬಂದರೆ ತಾಲ್ಲೂಕು ಊರಿನ ಮೈದಾನದಲ್ಲಿ ಸುಣ್ಣದಿಂದ ಗುಂಡಗೆ ಗೆರೆ ಎಳೆದು ಹೆಲಿಪ್ಯಾಡ್ ಮಾಡುತ್ತಾರೆ. ಸುರುಳಿ ಅರ್ಧ ಅತ್ತ, ರೆಕ್ಕೆಯ ಜೊತೆ ಉಳಿದ ಚೂರು ಇತ್ತ. ಆದರೂ ಎರಡೂ ಹಾರುತ್ತಿವೆ.

ಕೆಲಸದ ಚಟ ಹತ್ತಿದವರಿಗೆ ಹೇಳುವ ವರ್ಕಹಾಲಿಕ್ ಕೂಡ ಹೀಗೇ. ಮೂಲ ಪದ ಆಲ್ಕೊಹಾಲಿಕ್, ಅಂದರೆ ಕುಡಿತದ ಚಟ ಇರುವವರು. ಅದರೊಳಗೆ ಅರಬ್ಬಿಯ 'ಕುಹ್ಲ್' ಇದೆ, ಕಣ್ಣಿಗೆ ಹಚ್ಚುವ ಕಾಡಿಗೆ ಪುಡಿ. ಆ ಕಾಡಿಗೆಯ ಬಾಲವನ್ನು ಕಿತ್ತು 'ವರ್ಕ್' ಅನ್ನುವುದಕ್ಕೆ ಅಂಟಿಸಿದರು. ಇನ್ನು 'ಗೇಟ್' ಅಂತೂ ನಿಮಗೆ ಗೊತ್ತೇ ಇದೆ. ವಾಟರ್‌ಗೇಟ್ ಅನ್ನುವುದು ವಾಷಿಂಗ್ಟನ್ನಿನ ಒಂದು ಕಟ್ಟಡಗಳ ಗುಂಪಿನ ಹೆಸರು, ಅಷ್ಟೇ. 1972ರ ಜೂನ್‌ನಲ್ಲಿ ಅಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದರು, 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು, ಅಲ್ಲಿಂದ ಮುಂದೆ ಗೇಟ್ ಅಂದರೆ ಹಗರಣ. 2012ರಲ್ಲಿ ಕಲ್ಲಿದ್ದಲು ಗಣಿ ಹಂಚಿಕೆಯ ವಿವಾದಕ್ಕೆ ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಕೋಲ್‌ಗೇಟ್ ಅಂದವು.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಅಂಪೈರ್. ಕ್ರಿಕೆಟ್ ನೋಡುವಾಗ ದಿನಾ ಹೇಳುತ್ತೇವೆ. ಹಳೆಯ ಫ್ರೆಂಚಿನಲ್ಲಿ ಅದು 'ನಾನ್‌ಪೆರ್'. 'ನಾನ್' ಅಂದರೆ ಅಲ್ಲ, 'ಪೆರ್' ಅಂದರೆ ಸಮ, ಜೋಡಿ. ಇಬ್ಬರು ಜಗಳ ಆಡುವಾಗ ಯಾರ ಕಡೆಗೂ ಸೇರದೆ ಮಧ್ಯೆ ನಿಲ್ಲುವ ಮೂರನೆಯವನು. ನಮ್ಮ ಸರಿ-ಬೆಸ ಆಟದ ಮಾತಿನಲ್ಲಿ ಹೇಳುವುದಾದರೆ, ಬೆಸ. ಇಂಗ್ಲಿಷಿಗೆ ಬಂದಾಗ ಇದು 'ಎ ನಂಪೈರ್' ಅನ್ನುವ ಹಾಗೆ ಇತ್ತು. ಬೇಗ ಬೇಗ ಹೇಳಿ ನೋಡಿ. ಎ ನಂಪೈರ್, ಎ ನಂಪೈರ್, ಆನ್ ಅಂಪೈರ್! 'ನ' ಜಾರಿ ಹಿಂದಿನ ಪದಕ್ಕೆ ಅಂಟಿಕೊಂಡಿತು. ಅಲ್ಲ ಅನ್ನುವ ಅರ್ಥ ಕೊಡುತ್ತಿದ್ದ ತುಂಡೇ ತಲೆ ಕಳೆದುಕೊಂಡಿತು, ಅರ್ಥ ಮಾತ್ರ ಗಟ್ಟಿಯಾಗಿ ಉಳಿಯಿತು. ಅಡುಗೆಮನೆಯ ಏಪ್ರನ್ ಕೂಡ ಮೊದಲು ನೇಪ್ರನ್ ಆಗಿತ್ತು.

ಈಗ ನನ್ನದೇ ಒಂದು ಮಾತು. ನಾನು ಕನ್ನಡ ಮೀಡಿಯಮ್‌ನಲ್ಲಿ ಓದಿ ಪಿಯುಸಿಗೆ ಇಂಗ್ಲಿಷ್ ಮೀಡಿಯಮ್ ಸೇರಿದವಳು. ಮಳೆಗಾಲದಲ್ಲಿ ಒಂದು ದಿನ ಲೇಟಾಗಿ ಹೋಗಿ, ಬಾಗಿಲಲ್ಲಿ ನಿಂತು "ಮೈ ಶೂಸಸ್ ಆರ್ ವೆಟ್" ಅಂದೆ. ಇಡೀ ಕ್ಲಾಸು ನಕ್ಕಿತು, ಪಾಠ ಮಾಡುತ್ತಿದ್ದವರೂ ನಕ್ಕರು. ಆಮೇಲೆ ಎಷ್ಟೋ ದಿನ ಆ ಕ್ಲಾಸಿನಲ್ಲಿ ನಾನು ಬಾಯಿಯೇ ಬಿಡಲಿಲ್ಲ. ಶೂಸ್ ಅನ್ನುವುದೇ ಬಹುವಚನ, ಅದರ ಮೇಲೆ ಇನ್ನೊಂದು ಬಹುವಚನ ಯಾಕೆ ಅಂತ ಅವರ ನಗು. ಆದರೆ ನಮ್ಮ ಮನೆಯಲ್ಲಿ ಒಂದು ಕಾಲಿನದೂ ಶೂಸೇ, ಎರಡು ಕಾಲಿನದೂ ಶೂಸೇ, ಅಂಗಡಿಯಲ್ಲಿ ಜಾಸ್ತಿ ಇದ್ದರೆ ಶೂಸ್‌ಗಳು.

ಅವತ್ತು ಯಾರಾದರೂ ನನಗೆ ಚಿಲ್ಡ್ರನ್ ಅನ್ನುವ ಪದದ ಕಥೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಹಳೆಯ ಇಂಗ್ಲಿಷಿನಲ್ಲಿ ಚೈಲ್ಡ್‌ಗೆ 'ರು' ಸೇರಿಸಿ ಬಹುವಚನ ಮಾಡುತ್ತಿದ್ದರು, ಅದು ಮುಂದೆ ಚಿಲ್ಡರ್ ಆಯಿತು. ಕಾಲ ಕಳೆದ ಹಾಗೆ ಆ 'ರ್' ಬಹುವಚನ ಅನ್ನುವುದೇ ಜನಕ್ಕೆ ಮರೆತುಹೋಯಿತು. ಆಗ ಎತ್ತುಗಳಿಗೆ ಹೇಳುವ ಆಕ್ಸನ್‌ ಅನ್ನುವ ಪದದಲ್ಲಿರುವ 'ಅನ್' ಅನ್ನು ತಂದು ಮತ್ತೊಮ್ಮೆ ಅಂಟಿಸಿದರು. ಚಿಲ್ಡ್ರನ್ ಅಂದರೆ ಮಕ್ಕಳುಗಳು! ನಮ್ಮ ಸರ್ಕಾರಿ ಸುತ್ತೋಲೆಗಳಲ್ಲಿ ಶಿಕ್ಷಕರುಗಳು, ಸದಸ್ಯರುಗಳು ಅಂತ ಇರುತ್ತದಲ್ಲ, ಅಲ್ಲೂ 'ರು' ಮೇಲೆ 'ಗಳು'. ಆ ಇಂಗ್ಲಿಷಿನವರೂ ನಾನೂ ಮಾಡಿದ್ದು ಒಂದೇ ಕೆಲಸ. ಅವರದು ವ್ಯಾಕರಣ ಪುಸ್ತಕ ಸೇರಿತು, ನನ್ನದಕ್ಕೆ ನಗು ಬಂತು. ಅದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಇದಕ್ಕೆ ಉಲ್ಟಾ ಆದದ್ದೂ ಇದೆ. ಬಟಾಣಿಗೆ ಇಂಗ್ಲಿಷಿನಲ್ಲಿ ಮೊದಲು 'ಪೀಸ್' ಅಂತಲೇ ಹೆಸರು, ಅದು ಏಕವಚನವೇ. ಕೊನೆಯ 'ಸ್' ಕೇಳಿ ಬಹುವಚನ ಇರಬೇಕು ಅಂದುಕೊಂಡು, ಸುಮ್ನೆ ಅದನ್ನು ಕಿತ್ತು 'ಪೀ' ಅಂತ ಒಂದು ಕಾಳು ಮಾಡಿದರು. ಚೆರ್ರಿಯಲ್ಲೂ ಹೀಗೇ ಕೊನೆಗೆ ಒಂದು 'ಸ್' ಇತ್ತು, ಹೋಯಿತು.

ಇದನ್ನೆಲ್ಲ ಬೇಕರಿಯಿಂದ ಮನೆಗೆ ನಡೆದು ಬರುವಾಗ ಆ ಹುಡುಗಿಗೆ ಹೇಳುತ್ತಾ ಬಂದೆ. ಎಲ್ಲ ಕೇಳಿಸಿಕೊಂಡು, ಗೇಟಿನ ಹತ್ತಿರ ನಿಂತು, "ಹಾಗಾದ್ರೆ ದೊಡ್ಡಮ್ಮ, ಚೀಸ್ ಒಂದೇ ಒಂದು ಇದ್ರೆ ಚೀ ಅನ್ನಬೇಕಿತ್ತು ಅಲ್ವಾ?" ಅಂದಳು. ಇಬ್ಬರಿಗೂ ನಗು ತಡೆಯಲಿಲ್ಲ. ರಾತ್ರಿ ಮಲಗಿದ ಮೇಲೂ ನನಗೆ ಅದೇ ಯೋಚನೆ. ಬಟಾಣಿಯನ್ನು ಒಂದು, ಎರಡು ಅಂತ ಎಣಿಸಬಹುದು, ಚೀಸನ್ನು ಯಾರೂ ಎಣಿಸುವುದಿಲ್ಲ, ಅದಕ್ಕೇ ಅದರ 'ಸ್' ಉಳಿದುಕೊಂಡಿರಬೇಕು. ಬೆಳಿಗ್ಗೆ ಎದ್ದು ಅವಳಿಗೆ ಫೋನ್ ಮಾಡಿ ಅಷ್ಟೇ ಹೇಳಿದೆ.

ನಮಸ್ಕಾರ.