ಶನಿವಾರ ಬಂದ ರಿಪೋರ್ಟು, ಸೋಮವಾರ ಸಿಗುವ ಡಾಕ್ಟರು

ಕೇಳುಗರಿಗೆ ನಮಸ್ಕಾರ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಈಗ ರಕ್ತ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಬಂಗಾರಪೇಟೆಯಲ್ಲೂ ಲ್ಯಾಬ್ ಇದೆ, ಮುಳಬಾಗಿಲಿನಲ್ಲೂ ಇದೆ. ಬೆಳಿಗ್ಗೆ ರಕ್ತ ಕೊಟ್ಟರೆ ಎಷ್ಟೋ ಸಲ ಸಂಜೆಗೇ ಮೊಬೈಲಿಗೆ ರಿಪೋರ್ಟು ಬರುತ್ತದೆ. ಸಕ್ಕರೆ, ಥೈರಾಯ್ಡ್ ನೋಡಿಸೋಣ ಎಂದು ಪ್ಯಾಕೇಜ್ ತೆಗೆದುಕೊಂಡವರಿಗೆ ಕೆಲವೊಮ್ಮೆ ಟ್ಯೂಮರ್ ಮಾರ್ಕರ್ ಪರೀಕ್ಷೆಯೂ ಅದರಲ್ಲೇ ಸೇರಿರುತ್ತದೆ. ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಅಂಶಗಳಿಗೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಅಂಕಿ ಜಾಸ್ತಿ ಇದೆ, ದಪ್ಪ ಅಕ್ಷರದಲ್ಲಿದೆ. ರಿಪೋರ್ಟು ಬಂದದ್ದು ಶನಿವಾರ ರಾತ್ರಿ, ಡಾಕ್ಟರು ಸಿಗುವುದು ಸೋಮವಾರ. ನಡುವಿನ ಆ ಹೊತ್ತಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಲ್ಯಾಬ್‌ನಲ್ಲಿ ಕೆಲಸ ಮಾಡುವ ನಾನು ಆ ಭಯವನ್ನು ದಿನಾ ನೋಡುತ್ತೇನೆ. "ಮೇಡಂ, ಇದು ಅದೇನಾ?" ಎಂದು ಕೇಳುತ್ತಾರೆ. ಕಾಯಿಲೆಯ ಹೆಸರು ಹೇಳಲೂ ಬಾಯಿ ಬರುವುದಿಲ್ಲ.

ಆ ಅಂಕಿ ಒಂದರಿಂದಲೇ ಕ್ಯಾನ್ಸರ್ ಎಂದು ಯಾರೂ ಹೇಳಲಾರರು. ಉದಾಹರಣೆಗೆ ಸಿಎ 125 ಎನ್ನುವ ಮಾರ್ಕರ್ ನೋಡಿ. ಸಾಮಾನ್ಯವಾಗಿ 35ರವರೆಗೆ ಸರಿ ಎನ್ನುತ್ತಾರೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಇದು ಏರುತ್ತದೆ, ನಿಜ. ಆದರೆ ಮುಟ್ಟಿನ ದಿನಗಳಲ್ಲೂ ಏರಬಹುದು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ, ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದರೂ, ಬಸಿರಿದ್ದರೂ ಏರಬಹುದು. ಹೊಟ್ಟೆಯ ಟಿಬಿಯಲ್ಲಂತೂ ಬಹಳ ಏರಿ ಡಾಕ್ಟರನ್ನೇ ಗೊಂದಲಕ್ಕೆ ಹಾಕುತ್ತದೆ. ಆ ಟಿಬಿ ಮಾತ್ರೆಯಿಂದಲೇ ವಾಸಿಯಾಗುವಂಥದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ.

ಬೇರೆ ಮಾರ್ಕರ್‌ಗಳೂ ಹಾಗೇ. ಬೀಡಿ ಸಿಗರೇಟು ಸೇದುವವರಲ್ಲಿ ಸಿಇಎ ಎನ್ನುವ ಮಾರ್ಕರ್ ಸ್ವಲ್ಪ ಜಾಸ್ತಿ ಇರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಸಿಎ 19-9 ಎನ್ನುವ ಮಾರ್ಕರ್ ಏರುತ್ತದೆ. ವಯಸ್ಸಾದ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾದರೆ, ಮೂತ್ರದಲ್ಲಿ ಸೋಂಕಿದ್ದರೆ ಪಿಎಸ್ಎ ಎನ್ನುವ ಮಾರ್ಕರ್ ಏರುತ್ತದೆ. ಹಾಗೆಂದು ರಿಪೋರ್ಟನ್ನು ಮಡಚಿ ಬೀರುವಿನಲ್ಲಿ ಇಡಬೇಡಿ. ಏಕೆ ಏರಿತು ಎಂದು ಡಾಕ್ಟರು ನೋಡಲೇಬೇಕು. ಸ್ಕ್ಯಾನ್ ಮಾಡಿಸಬಹುದು, ಕೆಲವು ವಾರ ಬಿಟ್ಟು ಮತ್ತೆ ರಕ್ತ ತೆಗೆಸಬಹುದು. ಎರಡನೇ ಸಲವೂ ಅದೇ ಲ್ಯಾಬ್‌ಗೆ ಕೊಡಿ. ಲ್ಯಾಬ್ ಬದಲಾದರೆ ಪರೀಕ್ಷೆಯ ವಿಧಾನ ಬೇರೆಯಾಗಿ ಅಂಕಿಯೂ ಬೇರೆ ಬರಬಹುದು. ಒಂದು ಅಂಕಿಗಿಂತ ಅದು ಏರುತ್ತಾ ಹೋಗುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದರಿಂದ ಡಾಕ್ಟರಿಗೆ ಜಾಸ್ತಿ ಗೊತ್ತಾಗುತ್ತದೆ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಈ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದೂ ಇದಕ್ಕೇ.

ಇನ್ನು ಆ ಎರಡು ರಾತ್ರಿ. ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ. ಹುಡುಕಿದಷ್ಟೂ ಭಯ ಬೆಳೆಯುತ್ತದೆ, ನಿದ್ದೆ ಹೋಗುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನಮ್ಮ ಹೆಂಗಸರು ಮಕ್ಕಳಿಗೆ ಪರೀಕ್ಷೆ ಇದೆ, ಟೊಮೇಟೊ ರೇಟು ಬಿದ್ದು ಯಜಮಾನರು ಬೇಜಾರಿನಲ್ಲಿದ್ದಾರೆ ಎಂದು ಬಾಯಿ ಮುಚ್ಚಿಕೊಂಡು ಒಳಗೇ ಕೊರಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ ಅಮ್ಮ. ಅಕ್ಕನಿಗೋ ತಂಗಿಗೋ ಫೋನು ಹಚ್ಚಿ. ಅಳು ಬಂದರೆ ಅತ್ತುಬಿಡಿ. ಕೇಳುವವರೂ "ಏನೂ ಆಗಲ್ಲ ಬಿಡು" ಎಂದು ಮಾತು ಮುಗಿಸಬೇಡಿ, ಸುಮ್ನೆ ಜೊತೆಗೆ ಕೂತಿರಿ. ಹಾಲು ಕರೆಯುವುದು, ಡೇರಿಗೆ ಹಾಕಿ ಬರುವುದು, ಅಡುಗೆ, ಮಾಮೂಲಿ ಕೆಲಸ ನಡೆಯಲಿ. ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ, ಯಾರ ಹತ್ತಿರವೂ ಹೇಳಿಕೊಳ್ಳಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಹತ್ತಿರ ಕೇಳಬೇಕಾದದ್ದನ್ನು ಭಾನುವಾರವೇ ಚೀಟಿಯಲ್ಲಿ ಬರೆದಿಡಿ. ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ. ಏಕೆ ಏರಿರಬಹುದು, ಮುಂದೆ ಯಾವ ಪರೀಕ್ಷೆ, ಎಷ್ಟು ದಿನ ಕಾಯಬಹುದು ಎಂದು ಕೇಳಿ. ಹಳೆಯ ರಿಪೋರ್ಟು, ಸ್ಕ್ಯಾನ್, ನುಂಗುತ್ತಿರುವ ಮಾತ್ರೆಗಳು ಎಲ್ಲ ಚೀಲದಲ್ಲಿರಲಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅದರಿಂದ ಕೆಲವು ಪರೀಕ್ಷೆಗಳ ಅಂಕಿ ತಪ್ಪುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಡಾಕ್ಟರು ಹೇಳಿದ್ದನ್ನು ಅವರು ಬರೆದುಕೊಳ್ಳಲಿ.

ನಮಸ್ಕಾರ.