ನೀರು ಹಾಕುವವರು ಯಾರು?

ಎಲ್ಲರಿಗೂ ನಮಸ್ಕಾರ. ಹಿಂದಿನ ಬೆಂಚಿನವರಿಗೆ ಕೇಳ್ತಾ ಉಂಟಾ? ಕೈ ಎತ್ತಿದ್ರು. ಸರಿ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ 'ಉದ್ಯಾನಗಳು ಮತ್ತು ಸ್ಮಾರಕಗಳು' ಅಂತ ಉಂಟು. ಅಸಲು ವಿಷಯ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈ ಗ್ರಂಥಾಲಯದ ಹಿಂದಿನ ಹತ್ತು ಸೆಂಟ್ಸ್ ಜಾಗ. ಅಲ್ಲಿ ತೋಟ ಮಾಡುವುದು ಅಂತ ಆಗಿದೆ. ನಡುವೆ ಯಾರ ಪ್ರತಿಮೆ ಅನ್ನುವುದರಲ್ಲಿ ಮೂರು ಮೀಟಿಂಗ್ ಮುಗಿದಿದೆ. ಒಬ್ಬರು ಗೋವಿಂದ ಪೈ ಅಂದರು. ಒಬ್ಬರು ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಂದರು. ಕುಂಬಳೆ ಕಡೆಯವರು ಯಕ್ಷಗಾನ ಕವಿ ಪಾರ್ತಿಸುಬ್ಬನನ್ನು ಬಿಟ್ಟುಕೊಡುವುದಿಲ್ಲ. ಮೂರನೇ ಮೀಟಿಂಗಿನಲ್ಲಿ ಚಹಾ ಕೂಡ ತಣ್ಣಗಾಯಿತು. ಆಮೇಲೆ ಯಾರಿಗೋ ಹೊಳೆದಿರಬೇಕು, ಸುಮ್ನೆ ಒಂದು ಉಪನ್ಯಾಸ ಇಟ್ಟುಬಿಡುವ, ಗಲಾಟೆ ಸ್ವಲ್ಪ ಇಳಿಯಬಹುದು ಅಂತ. ನಾನು ಬಂದದ್ದು ಹಾಗೆ.

ಮೂವರಲ್ಲಿ ಯಾರಾದರೂ ನನಗೆ ಸಂತೋಷವೇ. ನನ್ನದು ಒಂದೇ ಪ್ರಶ್ನೆ. ನೀರು ಹಾಕುವವರು ಯಾರು? ಈ ಪ್ರಶ್ನೆ ಇವತ್ತು ನಾಲ್ಕೈದು ಸಲ ಬರ್ತದೆ, ಬೇಜಾರು ಮಾಡಬೇಡಿ.

ಹಲವು ವರ್ಷಗಳ ಹಿಂದೆ ನಾವು ಹನ್ನೆರಡು ಮಂದಿ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಯಾಕೆ ಅಂತ ಕೇಳಬೇಕಾ? ಕಾಸರಗೋಡಿನವರು ಗುಂಪು ಕಟ್ಟಿಕೊಂಡು ಬೆಂಗಳೂರಿಗೆ ಹೋಗುವುದು ಒಂದು ಮದುವೆಗೆ, ಇನ್ನೊಂದು ಮನವಿ ಕೊಡಲಿಕ್ಕೆ. ನಮ್ಮದು ಮನವಿ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮೇಷ್ಟ್ರು ಬರುವ ವಿಷಯ. ಈ ಹಾಲಿನಲ್ಲಿ ಅದನ್ನು ವಿವರಿಸಬೇಕಾಗಿಲ್ಲ. ಕಚೇರಿಯ ಹೆಸರು ಹೇಳುವುದಿಲ್ಲ. ಹನ್ನೊಂದು ಗಂಟೆಗೆ ಹೋದೆವು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಲ್ಕಕ್ಕೆ ಬನ್ನಿ ಅಂದರು. ಐದು ಗಂಟೆ ಹೊತ್ತು ಹನ್ನೆರಡು ಮಂದಿ ಎಲ್ಲಿಗೆ ಹೋಗುವುದು? ಎದುರಿಗೇ ಕಬ್ಬನ್ ಪಾರ್ಕ್.

ಹೊರಗೆ ಬಂದು ವಿಧಾನಸೌಧವನ್ನು ಒಮ್ಮೆ ನೋಡಿದೆವು. ಆ ಕಟ್ಟಡ ಮುಗಿದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು. ಅಲ್ಲಿ ಮನೆ ಕಟ್ಟಿ ಆಯಿತು, ನಮಗೆ ಕೋಣೆ ಇಲ್ಲ ಅಂತ ಆಯಿತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ರಸ್ತೆ ದಾಟಿದರೆ ಕೆಂಪು ಬಣ್ಣದ ಅಠಾರ ಕಚೇರಿ, ಈಗಿನ ಹೈಕೋರ್ಟ್. ಹದಿನೆಂಟು ಇಲಾಖೆಗಳು ಇದ್ದದ್ದಕ್ಕೆ ಆ ಹೆಸರು. 1860ರ ದಶಕದಲ್ಲಿ ಕಟ್ಟಿದ್ದು. ಕಟ್ಟಿಸಿದ ಇಂಜಿನಿಯರ್ ರಿಚರ್ಡ್ ಸ್ಯಾಂಕಿ. 1870ರಲ್ಲಿ ಅದರ ಹಿಂದೆ ಪಾರ್ಕ್ ಮಾಡಿದವನೂ ಅವನೇ. ಮೊದಲು ಸುಮಾರು ನೂರು ಎಕರೆ ಇತ್ತು, ಆಮೇಲೆ ಮುನ್ನೂರರ ಹತ್ತಿರ ಬೆಳೆಯಿತು. ನಮ್ಮದು ಹತ್ತು ಸೆಂಟ್ಸ್. ಇರಲಿ.

ಹೆಸರಿನ ಕಥೆ ಸ್ವಲ್ಪ ಉದ್ದ ಉಂಟು, ಹೇಳ್ತೇನೆ. ಆಗ ಕಮಿಷನರ್ ಆಗಿದ್ದವನು ಮೀಡ್. ಹಾಗಾಗಿ ಮೊದಲ ಹೆಸರು ಮೀಡ್ಸ್ ಪಾರ್ಕ್. ಇವತ್ತು ಬೆಂಗಳೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಮೀಡ್ಸ್ ಪಾರ್ಕ್ ಎಲ್ಲಿ ಅಂತ ಕೇಳಿ, ಹತ್ತೂ ಜನ ಗೂಗಲ್ ನೋಡ್ತಾರೆ. ಆಮೇಲೆ ಮಾರ್ಕ್ ಕಬ್ಬನ್ನನ ಹೆಸರು ಬಂತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವನು. ಪಾರ್ಕ್ ಆಗುವ ಹೊತ್ತಿಗೆ ಅವನು ಸತ್ತು ಒಂಬತ್ತು ವರ್ಷ ಕಳೆದಿತ್ತು. ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಹೋದ. ತನ್ನ ಹೆಸರಿನ ಪಾರ್ಕನ್ನು ಅವನು ಕಾಣಲೇ ಇಲ್ಲ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿತು. ಆಗ ಅವರ ತಂದೆಯ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಕಡತದಲ್ಲಿ ಈಗಲೂ ಅದೇ.

ನಾವು ಹನ್ನೆರಡು ಮಂದಿಯಲ್ಲಿ ಒಬ್ಬರು ಇತಿಹಾಸದ ಮೇಷ್ಟ್ರು, ಭಾರೀ ಶಿಸ್ತಿನವರು. ತಪ್ಪು ಹೆಸರು ಬಾಯಲ್ಲಿ ಬರಬಾರದು. ಮೂರೂವರೆಗೆ ಊಟದ ಹೋಟೆಲಿನಿಂದ ಆಟೋ ಹತ್ತಿದರು. 'ಶ್ರೀ ಚಾಮರಾಜೇಂದ್ರ ಉದ್ಯಾನವನಕ್ಕೆ ನಡಿಯಪ್ಪಾ' ಅಂದರು. ಡ್ರೈವರ್ ಹಿಂತಿರುಗಿ ನೋಡಿದ. 'ಸಾರ್, ಅದು ಮೈಸೂರಲ್ಲಿ.' ಇವರು 'ಇಲ್ಲ, ಇಲ್ಲೇ' ಅಂದರು. ಅವನು 'ಅದು ಝೂ ಸಾರ್, ಹುಲಿ ಎಲ್ಲ ಇದೆಯಲ್ಲ, ಮೈಸೂರು' ಅಂದ. ಅವನು ಹೇಳಿದ್ದೂ ಸುಳ್ಳಲ್ಲ. ಮೈಸೂರಿನ ಝೂಗೆ ಇರುವ ಹೆಸರೂ ಶ್ರೀ ಚಾಮರಾಜೇಂದ್ರ ಮೃಗಾಲಯವೇ. ಮೇಷ್ಟ್ರು ಬಿಡಲಿಲ್ಲ. 1927 ಅಂದರು, ಬೆಳ್ಳಿಹಬ್ಬ ಅಂದರು. ಹಿಂದೆ ನಾಲ್ಕು ಗಾಡಿ ಹಾರನ್ ಹೊಡೆದವು. ಕೊನೆಗೆ ನಮ್ಮಲ್ಲಿ ಚಿಕ್ಕವನೊಬ್ಬ ಮೆಲ್ಲಗೆ 'ಕಬ್ಬನ್ ಪಾರ್ಕ್' ಅಂದ. 'ಹಾಗೆ ಹೇಳಿ ಮತ್ತೆ!' ಅಂತ ಡ್ರೈವರ್ ಮೀಟರ್ ಹಾಕಿದ. ಇಳಿಯುವಾಗ ಮೇಷ್ಟ್ರು ಒಂದು ರೂಪಾಯಿ ಚಿಲ್ಲರೆಯನ್ನೂ ಬಿಡಲಿಲ್ಲ.

ನೀವು ನಗ್ತೀರಿ. ನಾನೂ ನಕ್ಕಿದ್ದೆ. ಆದರೆ ರೈಲಿನಲ್ಲಿ ವಾಪಸ್ ಬರುವಾಗ ನಿದ್ದೆ ಬರಲಿಲ್ಲ. ಯಾಕೆಂದರೆ ಈ ಕಥೆ ನಮಗೆ ಎರಡೂ ಕಡೆಯಿಂದ ತಾಗ್ತದೆ. ಮಂಜೇಶ್ವರವನ್ನು ಮಂಜೇಶ್ವರಂ ಅಂತ ಬರೆದಾಗ ನಾವು ಏನು ಹೇಳ್ತೇವೆ? ಬೋರ್ಡ್ ಏನು ಬೇಕಾದರೂ ಹೇಳಲಿ, ಜನರ ಬಾಯಲ್ಲಿ ಇರುವುದೇ ನಿಜವಾದ ಹೆಸರು ಅಂತ. ಸರಿ. ಹಾಗಾದರೆ ಬೆಂಗಳೂರಿನ ಜನರ ಬಾಯಲ್ಲಿ ಇರುವುದು ಒಬ್ಬ ಬ್ರಿಟಿಷ್ ಕಮಿಷನರ್ ಹೆಸರು. ನಮ್ಮ ರಾಜನ ಹೆಸರು ಬೋರ್ಡಿನಲ್ಲಿ ಉಂಟು. ಅಲ್ಲಿ ಬಾಯಿ ಗೆದ್ದರೆ ನಮಗೆ ಬೇಸರ, ಇಲ್ಲಿ ಬಾಯಿ ಗೆಲ್ಲಲಿ ಅಂತ ಹರಕೆ. ಎರಡನ್ನೂ ಒಟ್ಟಿಗೆ ಹೇಳಲಿಕ್ಕೆ ಆಗುವುದಿಲ್ಲ ಮಾರಾಯ್ರೇ. ಹೆಸರು ಇಟ್ಟವನು ಇಟ್ಟು ಹೋಗ್ತಾನೆ. ಅದನ್ನು ದಿನಾ ಕರೆದು ಬದುಕಿಸುವವನು ಬೇರೆ. ನಮ್ಮ ಮಕ್ಕಳು ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಯಾವ ಹೆಸರು ಹೇಳ್ತಾರೆ ಅಂತ ಒಮ್ಮೆ ಕಿವಿಗೊಡಿ. ನಾನು ಕೊಟ್ಟಿದ್ದೇನೆ. ಅದಕ್ಕೇ ಕೇಳುವುದು, ನೀರು ಹಾಕುವವರು ಯಾರು?

ಈಗ ಪ್ರತಿಮೆಗಳು. ಪಾರ್ಕಿನ ಮೂಲೆಯಲ್ಲಿ ವಿಕ್ಟೋರಿಯಾ ರಾಣಿ ಇದ್ದಾಳೆ, ಬಿಳಿ ಅಮೃತಶಿಲೆ. 1906ರಲ್ಲಿ ಅನಾವರಣ ಮಾಡಿದವನು ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು. ಸ್ವಲ್ಪ ಆಚೆ ಅವಳ ಮಗ ಏಳನೇ ಎಡ್ವರ್ಡ್. ಒಂದೇ ಮನೆಯ ಮೂರು ತಲೆಮಾರಿನ ಸಂಬಂಧ ಪಾರ್ಕಿಗೆ ಉಂಟು. ಆದರೆ ನಾವು ಕೂತಿದ್ದಾಗ ರಾಣಿಯ ಮುಖ ನೋಡಿದವರು ಯಾರೂ ಇಲ್ಲ. ಕಟ್ಟೆಯ ನೆರಳಲ್ಲಿ ಇಬ್ಬರು ಕಡಲೆಕಾಯಿ ಸುಲಿಯುತ್ತಿದ್ದರು. ಕಬ್ಬನ್ ಕುದುರೆ ಮೇಲೆ ಕೂತ ಕಂಚಿನ ಪ್ರತಿಮೆ ನಾವು ಹೋದಾಗ ಹೈಕೋರ್ಟಿನ ಎದುರು ಇತ್ತು. 2020ರಲ್ಲಿ ಅದನ್ನು ಪಾರ್ಕಿನ ಒಳಗೆ ತಂದಿಟ್ಟರು. 1866ರ ಪ್ರತಿಮೆ. ತನ್ನ ಹೆಸರಿನ ಪಾರ್ಕಿನೊಳಗೆ ಬರಲಿಕ್ಕೆ ಅವನಿಗೆ ಇಷ್ಟು ವರ್ಷ ಬೇಕಾಯಿತು.

ನನಗೆ ಅಲ್ಲಿ ಇಷ್ಟವಾದ ಪ್ರತಿಮೆ ಶೇಷಾದ್ರಿ ಅಯ್ಯರ್‌ದು. 1913ರಲ್ಲಿ ನಿಲ್ಲಿಸಿದ್ದು. ಹಿಂದೆಯೇ ಅವರ ನೆನಪಿನ ಕೆಂಪು ಕಟ್ಟಡ, ಅದರಲ್ಲಿ ಗ್ರಂಥಾಲಯ. ಹದಿನೆಂಟು ವರ್ಷ ಮೈಸೂರಿನ ದಿವಾನರಾಗಿದ್ದವರು. ಶಿವನಸಮುದ್ರದ ವಿದ್ಯುತ್ ಯೋಜನೆ ಅವರ ಕೆಲಸ. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಕರೆಂಟ್ ದೀಪ ಹತ್ತಿದ್ದು ಆ ವಿದ್ಯುತ್ತಿನಿಂದ. ಆಗ ಅವರೇ ಬದುಕಿರಲಿಲ್ಲ. ಇವರ ಮೂಲ ಎಲ್ಲಿ ಗೊತ್ತಾ? ಪಾಲಕ್ಕಾಡ್! ಹೌದು, ನಮ್ಮ ಈಗಿನ ರಾಜ್ಯದವರು. ಕೆಳಗೆ ಓದುವ ಹುಡುಗರು ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟು ಕೂತಿದ್ದರು. ಪರೀಕ್ಷೆಗೆ ತಯಾರಿ. ಒಬ್ಬನನ್ನು ಕೇಳಿದೆ, ಇದು ಯಾರು ಅಂತ. 'ಲೈಬ್ರರಿ ಸಾರ್' ಅಂದ. ಅವನಿಗೆ ಆ ಮನುಷ್ಯನೂ ಲೈಬ್ರರಿಯೂ ಒಂದೇ. ನನಗೆ ಅದು ತಪ್ಪು ಅಂತ ಅನ್ನಿಸಲಿಲ್ಲ.

ಇನ್ನು ನಾಯಿಯ ವಿಷಯ. ಇದನ್ನು ಹೇಳಲಿಕ್ಕೇ ನಾನು ಬಂದದ್ದು. ಪಾರ್ಕಿನ ಕಸ್ತೂರಬಾ ರಸ್ತೆಯ ಕಡೆ ಸರ್ಕಾರಿ ಮ್ಯೂಸಿಯಂ ಉಂಟು, 1877ರ ಕಟ್ಟಡ. ಅದರೊಳಗೆ ಒಂದು ಕಲ್ಲು. ಮದ್ದೂರಿನ ಹತ್ತಿರದ ಆತಕೂರಿನದು, ಸುಮಾರು 949ನೇ ಇಸವಿಯದು. ಗಂಗರ ಬೂತುಗನ ಕೈಕೆಳಗೆ ಮಣಲೇರ ಅಂತ ಒಬ್ಬ ವೀರ. ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧ ಆಯಿತು, ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಸತ್ತ. ಮಣಲೇರ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ಕಾಳಿ ಅನ್ನುವ ಬೇಟೆನಾಯಿ ಕೇಳಿದ! ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದಿತು. ಎರಡೂ ಸತ್ತವು. ಮಣಲೇರ ಕಲ್ಲು ನೆಡಿಸಿದ. ಮೇಲೆ ನಾಯಿ, ಹಂದಿ ಕಾದುವ ಚಿತ್ರ ಕೆತ್ತಿದ್ದಾರೆ. ನಾನು ಬಗ್ಗಿ ನೋಡಿದೆ. ಎರಡೂ ಒಂದಕ್ಕೊಂದು ಎದುರು ನಿಂತಿವೆ, ಹಿಂದೆ ಸರಿಯುವ ಲಕ್ಷಣ ಎರಡಕ್ಕೂ ಇಲ್ಲ.

ಇಷ್ಟೇ ಆಗಿದ್ದರೆ ಅದೂ ಒಂದು ವೀರಗಲ್ಲು ಅಂತ ಮುಂದೆ ಹೋಗ್ತಿದ್ದೆ. ಕಲ್ಲಿನ ಕೊನೆಗೆ ಒಂದು ವ್ಯವಸ್ಥೆ ಬರೆದಿದ್ದಾರೆ. ಕಲ್ಲಿಗೆ ಭೂಮಿ ಬಿಟ್ಟಿದ್ದಾರೆ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ದೇವಸ್ಥಾನದ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ. ನೋಡಿ! ಯಾರು, ಯಾವಾಗ, ಯಾವ ಖರ್ಚಿನಲ್ಲಿ, ಮಾಡದಿದ್ದರೆ ಏನು, ಎಲ್ಲವೂ ಉಂಟು. ಒಂದು ನಾಯಿಯ ಕಲ್ಲಿಗೆ. ಸಾವಿರ ವರ್ಷದ ಹಿಂದೆಯೇ ನೀರು ಹಾಕುವವನ ಊಟಕ್ಕೆ ಕಟ್ಟು ಹಾಕಿ ಇಟ್ಟಿದ್ದಾರೆ. ನಮ್ಮ ಮೂರು ಮೀಟಿಂಗಿನ ವರದಿಯಲ್ಲಿ ಪ್ರತಿಮೆಯ ಎತ್ತರ ಉಂಟು, ಬಣ್ಣ ಉಂಟು. ಗೊರವ ಇಲ್ಲ.

ನಾಯಿಗೆ ಎಂತ ಸ್ಮಾರಕ ಅಂತ ನಗುವವರಿಗೆ ಒಂದು ಮಾತು. 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ತೀರಿಕೊಂಡಾಗ ಈ ಹಾಲಿನ ಅರ್ಧ ಜನ ಅಲ್ಲಿ ಇದ್ದಿರಿ. ನಾನೂ ಇದ್ದೆ. ಮೊಸಳೆ ಅಂತ ಯಾರೂ ಹೇಳಲಿಲ್ಲ, ಬಬಿಯಾ ಅಂತಲೇ ಹೇಳಿದ್ದು. ಯಾಕೆ? ದಿನಾ ನೈವೇದ್ಯ ಕೊಡುವಾಗ ಹೆಸರು ಹಿಡಿದು ಕರೆಯುತ್ತಿದ್ದರು, ಅದಕ್ಕೆ. ಬೇಕಲ ಕೋಟೆಗೆ ನಾವು ವರ್ಷಕ್ಕೊಮ್ಮೆ ನೆಂಟರು ಬಂದರೆ ಹೋಗುವುದು. ಅದನ್ನು ಕಟ್ಟಿಸಿದ ಶಿವಪ್ಪ ನಾಯಕನ ಹೆಸರು ಅಲ್ಲಿ ಎಷ್ಟು ಸಲ ಬಾಯಿಗೆ ಬರ್ತದೆ? ಸಮುದ್ರ ಚೆಂದ ಉಂಟು ಅಂತ ಫೋಟೋ ತೆಗೆದು ಬರ್ತೇವೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 'ಹತ್ತು ನಿಮಿಷ.' ಇಲ್ಲ, ಕನ್ನಡಕ ಹಾಕಿ ನೋಡಿದರೆ 'ಎರಡು ನಿಮಿಷ.'

ಮರಗಳ ಬಗ್ಗೆ ಒಂದು ಪುಟ ಬರೆದುಕೊಂಡು ಬಂದಿದ್ದೆ. ಬಿದಿರು ಮೆಳೆ, ಸಿಲ್ವರ್ ಓಕ್, ಬೇಸಿಗೆಗೆ ಮುಂಚೆ ಎಲೆ ಕಾಣದ ಹಾಗೆ ಗುಲಾಬಿ ಹೂ ಬಿಡುವ ಟಬೆಬುಯಾ. ಹೋಗ್ಲಿ. ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್, ಬಾಲಭವನದ ಪುಟಾಣಿ ರೈಲು, ಅದೂ ಹೋಗ್ಲಿ. ನಮ್ಮ ಶಿಸ್ತಿನ ಮೇಷ್ಟ್ರು ರೈಲು ಹತ್ತಿದ್ದರು ಅನ್ನುವುದನ್ನು ಮಾತ್ರ ಹೇಳ್ತೇನೆ. ಮನವಿ ಏನಾಯಿತು ಅಂತ ಕೇಳ್ತೀರಿ. ನಾಲ್ಕೂವರೆಗೆ ಸಾಹೇಬರು ಸಿಕ್ಕಿದರು. ಒಳ್ಳೆಯವರೇ. 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಇಟ್ಟುಕೊಂಡಿರ್ತೇವೆ' ಅಂದರು. ಸೀಲ್ ಹೊಡೆದು ಕೊಟ್ಟರು.

ಪ್ರತಿಮೆ ಯಾರದು ಅನ್ನುವುದನ್ನು ನೀವು ತೀರ್ಮಾನ ಮಾಡಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯೇ ಸ್ಮಾರಕವಾಗಿ ಉಂಟಲ್ಲ, ಅದನ್ನು ಒಮ್ಮೆ ನೋಡಿ ಬಂದು ಮಾತಾಡಿದರೆ ಒಳ್ಳೇದು. ನನ್ನ ಸಲಹೆ, ಮೊದಲ ವರ್ಷ ಪ್ರತಿಮೆ ಬೇಡ. ಒಂದು ನೇರಳೆ, ಒಂದು ಹಲಸು, ಎರಡು ಸಾಲು ಮಲ್ಲಿಗೆ. ಬೋರ್ಡ್ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಆಚೆ ಮನೆಯ ಮಕ್ಕಳೂ ಓದಲಿ. ವಾರಕ್ಕೆ ಏಳು ಮನೆ, ಮನೆಗೆ ಒಂದು ದಿನ. ಸೋಮವಾರ ನಮ್ಮ ಮನೆ, ಬರೆದುಕೊಳ್ಳಿ. ಮಂಗಳವಾರಕ್ಕೆ ಯಾರು? ಯಾರೂ ಕೈ ಎತ್ತುವುದಿಲ್ಲ. ಪ್ರತಿಮೆಗೆ ಎಲ್ಲರೂ ಎತ್ತಿದ್ದಿರಿ.

ಆ, ಅಲ್ಲಿ ಒಬ್ಬರು ಎತ್ತಿದ್ರು. ಸಂತೋಷ.

ಇವತ್ತು ಬೆಳಿಗ್ಗೆ ಹಿಂದಿನ ಬಾವಿ ನೋಡಿದೆ. ನೀರು ಉಂಟು, ರಾಟೆಯ ಹಗ್ಗ ಹೋಗಿದೆ. ಬರುವ ದಾರಿಯಲ್ಲಿ ಪೇಟೆಯಿಂದ ಹಗ್ಗ ತಂದಿದ್ದೇನೆ, ಈ ಚೀಲದಲ್ಲಿ ಉಂಟು. ಕಟ್ಟೆ ಹತ್ತಿ ರಾಟೆಗೆ ಹಾಕಲಿಕ್ಕೆ ಒಬ್ಬರು ಬೇಕು. ನನ್ನ ಮೊಣಗಂಟು ಕೇಳುವುದಿಲ್ಲ. ಕೊನೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಉಂಟಲ್ವಾ?